ಗುಹೆಯ ನೆತ್ತಿಯಲ್ಲಿ ಒಂದು ಬೆಣೆ

ಹನ್ನೊಂದು ದಿನದಿಂದ ನನ್ನ ಗಂಡ ಬೆಳಗಿನ ನೂಡಲ್ಸ್ ಬಿಟ್ಟಿದ್ದ. ನಮ್ಮ ಸೂಝೌ ಊರಿನ ಗಂಡಸರು ಹೆಂಡತಿಯನ್ನಾದರೂ ಬಿಟ್ಟಾರು, ಮೊದಲ ನೀರಿನಲ್ಲಿ ಬೆಂದ ನೂಡಲ್ಸ್ ಬಿಡಲಾರರು. ಹಂಡೆಯ ನೀರು ತಿಳಿಯಾಗಿರುವಾಗ ಬೆಂದದ್ದೇ ಬೇಕು ಎಂದು ಅಂಗಡಿ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿರುತ್ತಾರೆ. ಆ ಸಾಲಿನಲ್ಲಿ ನನ್ನ ಗಂಡ ಹುಯಿ ಗೆನ್‌ಶೆಂಗ್ ಯಾವಾಗಲೂ ಮುಂದು. ಅಂಥವನು ಈಗ ಒಂದು ಲೋಟ ಬಿಸಿನೀರು ಕುಡಿದು, ಏಳೂಕಾಲಕ್ಕೆ ಮನೆ ಬಿಟ್ಟು, ‘ತಡವಾಗಿ ಬಂದವನ ತೋಟ’ದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತಿದ್ದ.

ಆ ತೋಟ ನಮ್ಮ ಮನೆಯಿಂದ ಮೂರು ಓಣಿ ಆಚೆ. ನಾನೂರು ವರ್ಷದ ಹಿಂದೆ ಯಾರೋ ದೊಡ್ಡ ಅಧಿಕಾರಿ ರಾಜಧಾನಿಯ ಕೆಲಸ ಬಿಟ್ಟು ಮುದುಕನಾಗಿ ಊರಿಗೆ ಬಂದು ಕಟ್ಟಿಸಿದ್ದು. ಹಿರಿಯರಿಗೆ ವರ್ಷದ ಪಾಸ್ ಇದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಆದರೆ ಗೆನ್‌ಶೆಂಗ್ ನಿವೃತ್ತನಾದ ಮೇಲೆ ಅಲ್ಲಿಗೆ ಹೋಗಿ ಕೂತವನಲ್ಲ. ತೋಟಗಳಲ್ಲಿ ಕಲ್ಲುಗುಡ್ಡ ಕಟ್ಟುವ ಮೇಸ್ತ್ರಿಯಾಗಿ ನಲವತ್ತು ವರ್ಷ ಕಲ್ಲು ಎತ್ತಿದವನು. "ಕಲ್ಲು ನೋಡೋಕೆ ಬೇರೆ ಹೋಗ್ಬೇಕಾ, ನನ್ನ ಸೊಂಟದಲ್ಲೇ ಇದೆ" ಎನ್ನುತ್ತಿದ್ದ. ಈಗ ಮಧ್ಯಾಹ್ನದವರೆಗೆ ಅಲ್ಲೇ ಇದ್ದು ಬರುತ್ತಿದ್ದ. ಬಂದರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಸುತ್ತುತ್ತಿದ್ದ. ಅನ್ನದ ಬಟ್ಟಲು ಕೈಯಲ್ಲಿ ಹಿಡಿದೇ ಎದ್ದು ಕಿಟಕಿಗೆ ಹೋಗುವುದು, ಮಳೆ ಬರುತ್ತದೆಯೇ ಎಂದು ನೋಡುವುದು, ಮತ್ತೆ ಬಂದು ಕೂರುವುದು.

ಇಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ನನ್ನ ಕಸೂತಿ ಪೆಟ್ಟಿಗೆಗೆ ಕೈಯಿಟ್ಟಿದ್ದ. ನಾನು ಕಸೂತಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. ಚಿತ್ರ ಇಳಿಸಿಕೊಳ್ಳುವ ತೆಳು ಕಾಗದವನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅದರಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ ಒಯ್ದಿದ್ದ. ಬೆರಳಗಲದ ಪಟ್ಟಿಯಲ್ಲಿ ಏನು ಬರೆಯಬಹುದು? ದಿನಕ್ಕೊಂದು ಸಾಲು ಬರೆಯಬಹುದು. ಪಕ್ಕದ ಮನೆಯ ತಾಂಗ್ ಅಕ್ಕ ಬೇರೆ ಬಾಗಿಲಲ್ಲಿ ನಿಂತು, "ತೋಟದ ಮಂಟಪದಲ್ಲಿ ಹಾಡೋ ಹೆಂಗಸರ ಗುಂಪು ಬರುತ್ತಂತೆ, ಅರ್ಧ ಜನ ಗಂಡ ಸತ್ತೋರು, ನೋಡ್ಕೊಳ್ಳಮ್ಮಾ" ಎಂದು ಹೇಳಿ ಹೋದಳು. ಅರವತ್ತೆರಡನೆಯ ವಯಸ್ಸಿನಲ್ಲಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಬಿದ್ದದ್ದು ನಿಜ.

ಹನ್ನೆರಡನೆಯ ದಿನ ಅವನ ಹಿಂದೆಯೇ ಹೊರಟೆ. ಮರುದಿನ ಚಂದ್ರನ ಹಬ್ಬ, ಅದರ ಬೆನ್ನಿಗೇ ದೇಶದ ಹಬ್ಬ, ಒಟ್ಟು ಎಂಟು ದಿನ ರಜೆ. ಬೀದಿಯಲ್ಲಿ ಮಾಂಸ ತುಂಬಿದ ಬಿಸಿ ಹಬ್ಬದ ರೊಟ್ಟಿಗೆ ಆಗಲೇ ಸಾಲು ಹತ್ತಿತ್ತು. ಅಂದು ಹತ್ತು ಗಂಟೆಗೆ ತೋಟದಲ್ಲಿ ಸಮಾರಂಭವೂ ಇತ್ತು. ಗೆನ್‌ಶೆಂಗ್‌ನ ಗುರು ಬೂ ಮೇಸ್ತ್ರಿಗಳಿಗೆ ಎಂಬತ್ತೆಂಟು ವರ್ಷ. ಕುಸಿದು ಬಿದ್ದಿದ್ದ ತೋಟದ ಕಲ್ಲುಗುಡ್ಡವನ್ನು ಮೂವತ್ತೇಳು ವರ್ಷದ ಹಿಂದೆ ಮತ್ತೆ ಎತ್ತಿ ನಿಲ್ಲಿಸಿದವರು ಅವರು, ಅವರ ಕೈಕೆಳಗೆ ನನ್ನ ಗಂಡ. ಗುಡ್ಡದ ಗುಹೆಯ ಬಾಯಲ್ಲಿ ಅವರ ಹೆಸರಿನ ಫಲಕ ನಿಲ್ಲಿಸಿ, ಆ ದಿನ ಅದರ ಕೆಂಪು ಬಟ್ಟೆ ತೆಗೆಯುವವರಿದ್ದರು. ನಮಗೂ ಕರೆ ಬಂದಿತ್ತು. ಹತ್ತು ಗಂಟೆಯ ಸಮಾರಂಭಕ್ಕೆ ಏಳೂವರೆಗೆ ಹೋಗುವವನು ಯಾರು?

ತೋಟದ ಒಳಗೆ ಒಬ್ಬರನ್ನು ಹಿಂಬಾಲಿಸುವಷ್ಟು ಹಾಳು ಕೆಲಸ ಇನ್ನೊಂದಿಲ್ಲ. ಕಟ್ಟಿಸಿದ ಪುಣ್ಯಾತ್ಮ ಒಂದು ದಾರಿಯನ್ನೂ ನೆಟ್ಟಗೆ ಬಿಟ್ಟಿಲ್ಲ. ಪಡಸಾಲೆ ನಾಲ್ಕು ಹೆಜ್ಜೆಗೆ ಒಮ್ಮೆ ಸೊಟ್ಟಗಾಗುತ್ತದೆ. ಗೋಡೆಯ ಜಾಲಂಧ್ರದಲ್ಲಿ ಅವನ ಬೂದು ಅಂಗಿ ಕಾಣಿಸಿತು ಎಂದು ಬೇಗ ಬೇಗ ಹೋದರೆ ಎದುರಿಗೆ ಬಾಳೆಗಿಡ. ಮುಂದಿನ ಜಾಲಂಧ್ರಕ್ಕೆ ಕಣ್ಣಿಟ್ಟರೆ ಅವನು ಕೊಳದ ಆಚೆ ದಡದಲ್ಲಿ, ಕೈಯಲ್ಲಿ ಏನೋ ಬಟ್ಟಲು. ಗುಯಿಹುವಾ ಮರಗಳು ಹೂಬಿಟ್ಟು ಪರಿಮಳ ಮೂಗಿಗೆ ಹೊಡೆಯುತ್ತಿತ್ತು, ನನಗೆ ಅದರ ಮೇಲೂ ಸಿಟ್ಟು ಬಂತು. ಕೊನೆಗೆ ನೀರಂಚಿನ ದಾರಿ ಹಿಡಿದೆ. ಅದು ಸುತ್ತು, ಆದರೆ ಕಣ್ಣಿಗೆ ಅಡ್ಡವಿಲ್ಲ. ಪ್ರತಿ ವಸಂತದಲ್ಲಿ ಶಿಷ್ಯರೆಲ್ಲ ಗುರುಗಳನ್ನು ಇಲ್ಲಿಗೆ ಚಹಾಕ್ಕೆ ಕರೆದುಕೊಂಡು ಬರುವಾಗ ಬೂ ಮೇಸ್ತ್ರಿಗಳು ಇದೇ ದಾರಿ ಹಿಡಿಯುತ್ತಿದ್ದರು. "ಗುಹೆ ಒಳಗೆ ನೆಲ ಒದ್ದೆ, ಜಾರುತ್ತೆ" ಎನ್ನುತ್ತಿದ್ದರು. ಹೆಂಗಸರು, ಮಕ್ಕಳು ನಾವೆಲ್ಲ ಗುಹೆಯಲ್ಲೇ ನುಗ್ಗಿ ಅವರಿಗಿಂತ ಮೊದಲು ಮಂಟಪ ಸೇರುತ್ತಿದ್ದೆವು.

ಗುಹೆಯ ಬಾಯಿಗೆ ಬಂದು ಇಣುಕಿದೆ. ಗೆನ್‌ಶೆಂಗ್ ಒಬ್ಬನೇ ಇದ್ದ. ತುದಿಗಾಲಲ್ಲಿ ನಿಂತು, ತಲೆಯ ಮೇಲಿನ ಕಲ್ಲಿನ ಸಂದಿಯಿಂದ ನನ್ನ ತೆಳು ಕಾಗದದ ಪಟ್ಟಿಯೊಂದನ್ನು ಬಿಡಿಸುತ್ತಿದ್ದ. ಓಹೋ, ಕಲ್ಲಿನ ಸಂದಿಯೇ ಇವರ ಅಂಚೆಪೆಟ್ಟಿಗೆಯೋ ಎಂದುಕೊಂಡೆ.

"ಏ ಮುದುಕಾ! ಏನು ಬರ್ದಿದಾಳೆ, ಗಟ್ಟಿಯಾಗಿ ಓದು, ನಾನೂ ಕೇಳ್ತೀನಿ!"

ಅವನು ಬೆಚ್ಚಿಬಿದ್ದ. ನನ್ನನ್ನು ನೋಡಿದವನೇ ಎರಡೂ ಕೈ ಎತ್ತಿ, "ಒಳಗೆ ಬರ್ಬೇಡ! ಚಿಯಾವ್‌ದೀ, ಅಲ್ಲೇ ನಿಲ್ಲು!" ಎಂದು ನನ್ನ ಹೆಸರು ಹಿಡಿದು ಕೂಗಿದ.

"ಯಾಕೆ ಬರ್ಬಾರ್ದು? ಯಾರಿದಾರೆ ಒಳಗೆ?"

"ಯಾರೂ ಇಲ್ಲ ಮಾರಾಯ್ತಿ! ಬರ್ಬೇಡ ಅಂದ್ರೆ ಬರ್ಬೇಡ!" ಎಂದು ಅವನೇ ಓಡಿ ಹೊರಗೆ ಬಂದ. ಕಾಗದದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟ. ಅದರ ಮೇಲೆ ಒಂದಕ್ಷರವೂ ಇರಲಿಲ್ಲ, ಎರಡು ತುದಿಯಲ್ಲಿ ಅಂಟಿಸಲು ಹಚ್ಚಿದ ಅಂಟಕ್ಕಿ ಗಂಜಿಯ ಒಣಗಿದ ಕಲೆ; ಅವನ ಬಟ್ಟಲಲ್ಲಿದ್ದದ್ದೂ ಅದೇ ಗಂಜಿ. ಸರಿಯಾಗಿ ನಡುವೆ ಹರಿದಿತ್ತು.

"ಇವತ್ತು ಹರಿದಿದೆ" ಎಂದ. "ನಿನ್ನೆವರೆಗೂ ಸರಿಯಾಗಿತ್ತು."

ಮೇಸ್ತ್ರಿಯ ಹೆಂಡತಿಗೆ ಅಷ್ಟು ಸಾಕು. ಕಲ್ಲಿನ ಬಿರುಕಿಗೆ ಅಡ್ಡಲಾಗಿ ತೆಳು ಕಾಗದ ಅಂಟಿಸುವುದು ಯಾಕೆಂದು ನನಗೆ ಗೊತ್ತು. ಕಲ್ಲು ಕೂದಲೆಳೆಯಷ್ಟು ಕದಲಿದರೂ ಕಾಗದ ಹರಿಯುತ್ತದೆ. ಗುಹೆಯ ನೆತ್ತಿಯಲ್ಲಿರುವುದು ಎಮ್ಮೆಯಷ್ಟು ದೊಡ್ಡ ಕಲ್ಲು. ನನ್ನ ಸಿಟ್ಟೆಲ್ಲ ಇಳಿದು ಹೋಯಿತು.

ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸಿ ಬಾಯಿ ಬಿಡಿಸಿದೆ. ಎರಡು ವಾರದ ಹಿಂದೆ ಫಲಕಕ್ಕೆ ಜಾಗ ತೋರಿಸಲು ಇವನನ್ನು ಕರೆಸಿದ್ದರಂತೆ. ಆಗ ನೆತ್ತಿಯ ಸಂದಿಯ ಕೆಳಗೆ, ನೆಲದಲ್ಲಿ, ಒಂದು ಚಿಟಿಕೆ ಬಿಳಿ ಪುಡಿ ಕಂಡನಂತೆ.

"ಗಾರೆ ಉದುರಿರಬಹುದು, ಹಳೇದಲ್ವಾ" ಎಂದೆ.

"ಗಾರೆ ಉದುರಿದ್ರೆ ಉದುರಲಿ. ಒಳಗೆ ಕಲ್ಲಿನ ಚಕ್ಕೆ ಇಲ್ಲ." ಅವನ ದನಿ ಇಳಿಯಿತು. "ಮರದ ಬೆಣೆ ಇದೆ."

ಎರಡು ಕಲ್ಲು ಒಂದಕ್ಕೊಂದು ಆತು ನಿಲ್ಲುವ ಜಾಗದಲ್ಲಿ ಸಂದಿಗೆ ತಕ್ಕ ಚಕ್ಕೆಕಲ್ಲನ್ನು ಹುಡುಕಿ ಬಿಗಿಯಬೇಕು. ಗಾರೆ ಬರೀ ಮುಖ ಮುಚ್ಚುವುದಕ್ಕೆ, ಭಾರ ಹೊರುವುದು ಚಕ್ಕೆ. ತಕ್ಕ ಚಕ್ಕೆ ಸಿಗುವವರೆಗೆ ಮರದ ಬೆಣೆ ಬಡಿದಿಡುವುದುಂಟು, ಆಮೇಲೆ ಅದನ್ನು ಕೀಳಲೇಬೇಕು. ಕೀಳದೆ ಗಾರೆ ಬಳಿದ ಶಿಷ್ಯನನ್ನು ಬೂ ಮೇಸ್ತ್ರಿಗಳು ಅಂದೇ ಮನೆಗೆ ಕಳಿಸುತ್ತಿದ್ದರು. ಇದನ್ನು ನಾನು ನಮ್ಮ ಊಟದ ಮೇಜಿನಲ್ಲಿ ನೂರು ಸಲ ಕೇಳಿದ್ದೇನೆ.

"ನೀನಾ?" ಎಂದೆ.

"ನಾನೇ. ಮಾರನೇ ದಿನ ಪ್ರಾಂತ್ಯದ ದೊಡ್ಡೋರು ನೋಡೋಕೆ ಬರೋರಿದ್ರು. ಗುರುಗಳು ಅವ್ರನ್ನ ಕರ್ಕೊಂಡ್ ಬರೋಕೆ ಸ್ಟೇಷನ್ನಿಗೆ ಹೋಗಿದ್ರು. ಎಲ್ಲಾ ಮುಗಿದು ಒಂದು ಸಂದಿ ಉಳಿದಿತ್ತು. ತಕ್ಕ ಚಕ್ಕೆ ಸಿಗ್ತಿಲ್ಲ. ಗಂಟೆ ಐದಾಗಿತ್ತು."

"ಇನ್ನೊಂದು ಗಂಟೆ ಹುಡುಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ನನ್ನ ಮುಖ ನೋಡಲಿಲ್ಲ. ಚಪ್ಪಲಿಯ ತುದಿಯಿಂದ ನೆಲದ ಉರುಟುಕಲ್ಲನ್ನು ಕೆದಕುತ್ತ, "ಆರು ಗಂಟೆಗೆ ಸೇತುವೆ ಹತ್ರ ನಿನ್ನನ್ನ ನೋಡೋಕೆ ಬರ್ಬೇಕಿತ್ತು" ಎಂದ.

ಆ ಸಂಜೆಯನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ಮೆರೆದಿಲ್ಲ! ಅದಕ್ಕೂ ಮೊದಲು ತೋರಿಸಿದ್ದ ಗಂಡು ಅರ್ಧ ಗಂಟೆ ತಡಮಾಡಿದ್ದಕ್ಕೆ ನಾನು ಎದ್ದು ಮನೆಗೆ ಹೋಗಿದ್ದೆ. ಇವನು ಆರಕ್ಕೆ ಐದು ನಿಮಿಷ ಇರುವಾಗಲೇ, ಒದ್ದೆ ತಲೆಯಲ್ಲಿ, ಉಗುರಿನಲ್ಲಿ ಇನ್ನೂ ಸುಣ್ಣ ಇಟ್ಟುಕೊಂಡು ಬಂದು ನಿಂತಿದ್ದ. ಹೊತ್ತಿಗೆ ಬೆಲೆ ಕೊಡುವ ಗಂಡು ಎಂದು ಅಲ್ಲೇ ಒಪ್ಪಿಕೊಂಡಿದ್ದೆ. ಮಗಳ ಮದುವೆಯಲ್ಲಿ ಅಳಿಯನಿಗೂ ಇದನ್ನೇ ಬೋಧಿಸಿದ್ದೆ.

"ಮಾರನೇ ದಿನ ಬೆಳಿಗ್ಗೆ ತೆಗೆಯೋಣ ಅಂತಿದ್ದೆ. ನಾನು ಬರೋ ಹೊತ್ತಿಗೆ ಮರದ ಅಟ್ಟಣೆ ಬಿಚ್ಚಿ ಗುಡಿಸಿಬಿಟ್ಟಿದ್ರು. ದೊಡ್ಡೋರು ಬಂದ್ರು, ಹೊಗಳಿದ್ರು, ಗುರುಗಳ ಕೈ ಕುಲುಕಿದ್ರು. ಆಮೇಲೆ ಬಾಯಿ ಬರ್ಲಿಲ್ಲ. ವರ್ಷ ವರ್ಷ ಇನ್ನೂ ಬರ್ದೇ ಹೋಯ್ತು."

"ಈಗ ಬರುತ್ತೆ. ಎದ್ದೇಳು, ಆಫೀಸಿಗೆ ನಡಿ."

"ಇವತ್ತು ಬೇಡ" ಎಂದು ನನ್ನ ಕೈ ಹಿಡಿದುಕೊಂಡ. "ಗುರುಗಳಿಗೆ ಎಂಬತ್ತೆಂಟು. ಜೀವಮಾನದಲ್ಲಿ ಒಂದು ಫಲಕ. ಅವ್ರ ಮುಖಕ್ಕೆ ಮಸಿ ಬಳೀಲಾ? ಸಮಾರಂಭ ಮುಗೀಲಿ, ಸಂಜೆ ಹೇಳ್ತೀನಿ."

"ಬಟ್ಟೆ ತೆಗೆದ ಮೇಲೆ ಯಾರು ಗುಹೆಗೆ ಹೋಗೋದು?"

ಕರೆಯೋಲೆಯಲ್ಲೇ ಅಚ್ಚಾಗಿತ್ತು. ಶಾಲೆಯ ನಲವತ್ತು ಮಕ್ಕಳು ಲಾಟೀನು ಹಿಡಿದು ಗುಹೆಯಲ್ಲಿ ಹಾದು ಮಂಟಪಕ್ಕೆ ಬರುವುದು, ಅಲ್ಲಿ ಹಾಡು. ಮರುದಿನದಿಂದ ಎಂಟು ದಿನ ಊರೂರಿನ ಜನ.

"ಸಂಜೆಯಂತೆ ಸಂಜೆ! ಮೂವತ್ತೇಳು ವರ್ಷದಲ್ಲಿ ನಿನಗೆ ಎಷ್ಟು ಸಂಜೆ ಸಿಕ್ಕಿತ್ತೋ? ಹನ್ನೆರಡು ದಿನದಿಂದ ಇಲ್ಲಿ ನಿಂತು ಏನ್ ಮಾಡ್ತಿದ್ದೆ? ಬಂದೋರನ್ನ ಓಡಿಸ್ತಿದ್ಯಾ?"

"ಒಳಗೆ ಹಾವಿದೆ ಅಂತ ಹೇಳ್ತಿದ್ದೆ."

ಇಂಥವನನ್ನು ಏನು ಮಾಡುವುದು? ಅಳಬೇಕೋ ನಗಬೇಕೋ ತಿಳಿಯದೆ ಚೆನ್ನಾಗಿ ಬೈದೆ. ಬೈದರೂ ಏಳಲಿಲ್ಲ. ಕೊಳದ ಆಚೆ ಆಗಲೇ ಕುರ್ಚಿಗಳನ್ನು ಹಾಕುತ್ತಿದ್ದರು, ಮೈಕಿನವನು ಒಂದು ಎರಡು ಎಣಿಸುತ್ತಿದ್ದ. ಗೆನ್‌ಶೆಂಗ್ ಕೂತಲ್ಲೇ ಮೊಣಕಾಲು ಕುಣಿಸುತ್ತಿದ್ದ, ನಾನು ಗುಹೆಯ ಬಾಯಿಗೂ ಬೆಂಚಿಗೂ ಓಡಾಡುತ್ತಿದ್ದೆ. ಒಂಬತ್ತೂವರೆಗೆ ಪಡಸಾಲೆಯ ತುದಿಯಲ್ಲಿ ಮಕ್ಕಳ ಗಲಾಟೆ ಕೇಳಿಸಿತು. ಜಾಲಂಧ್ರದಲ್ಲಿ ಕೆಂಪು ಕೊರಳವಸ್ತ್ರಗಳು ಒಂದೊಂದಾಗಿ ಹಾದುಹೋದವು. ಇನ್ನು ನನ್ನಿಂದ ಆಗಲಿಲ್ಲ. ಗುಹೆಯ ಬಾಯಲ್ಲಿ, ಫಲಕದ ಕೆಂಪು ಬಟ್ಟೆಯ ಪಕ್ಕದಲ್ಲೇ, ಅಡ್ಡಲಾಗಿ ನೆಲಕ್ಕೆ ಬಿದ್ದು "ಅಯ್ಯೋ ನನ್ನ ಕಾಲು!" ಎಂದು ಬೊಬ್ಬೆ ಹಾಕಿದೆ.

ತೋಟದ ಮೇಲ್ವಿಚಾರಕಿ ಯಿನ್ ಓಡಿಬಂದಳು. ಮೂವತ್ತೈದರ ಹುಡುಗಿ, ಒಳ್ಳೆಯ ಸ್ವಭಾವ. "ಆಂಟಿ, ಏನಾಯ್ತು? ಎತ್ಲಾ?" ಎಂದಳು.

"ಮುಟ್ಟಬೇಡ! ಯಾರೂ ಮುಟ್ಟಬೇಡಿ! ಮಕ್ಕಳನ್ನ ಈ ಕಡೆ ಬಿಡಬೇಡಿ!"

"ಆಂಬುಲೆನ್ಸ್ ಕರೀತೀನಿ, ಆದ್ರೆ ಸ್ವಲ್ಪ ಪಕ್ಕಕ್ಕೆ..."

"ಪಕ್ಕಕ್ಕೂ ಇಲ್ಲ, ಹಿಂದಕ್ಕೂ ಇಲ್ಲ!"

ಅಷ್ಟರಲ್ಲಿ ಬೂ ಮೇಸ್ತ್ರಿಗಳ ಗಾಲಿಕುರ್ಚಿ ಬಂತು. ಹೊಸ ಕಪ್ಪು ಕೋಟು, ಎದೆಯ ಮೇಲೆ ಕೆಂಪು ಹೂವು. ಅವರ ಹಿಂದೆ ಅಧಿಕಾರಿಗಳು, ಅವರ ಹಿಂದೆ ಮಕ್ಕಳು. ನೆಲದಲ್ಲಿ ಬಿದ್ದ ನನ್ನನ್ನು ಎಲ್ಲರೂ ನೋಡುತ್ತಿದ್ದರು. ನಾನು ಮಾತ್ರ ಗೆನ್‌ಶೆಂಗ್‌ನನ್ನು ನೋಡುತ್ತಿದ್ದೆ. ಇವನು ಈಗಲೂ ಸುಮ್ಮನಿದ್ದರೆ ಇನ್ನು ಇವನ ಜೊತೆ ಒಂದು ಮೇಜಿನಲ್ಲಿ ಉಣ್ಣಲಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದು ಅವನಿಗೆ ನನ್ನ ಮುಖದಲ್ಲಿ ಕಂಡಿರಬೇಕು.

ಅವನು ಬೆಂಚಿನಿಂದ ಎದ್ದು ಬಂದ. "ಅವಳ ಕಾಲಿಗೆ ಏನೂ ಆಗಿಲ್ಲ" ಎಂದ. "ಗುಹೆ ಮುಚ್ಚಿ. ನೆತ್ತಿ ಕಲ್ಲು ಕದಲಿದೆ. ಒಳಗೆ ಮರದ ಬೆಣೆ ಇದೆ. ಇಟ್ಟೋನು ನಾನು. ಗುರುಗಳಿಗೆ ಗೊತ್ತಿಲ್ಲ, ತಪ್ಪೆಲ್ಲ ನನ್ನದು."

ಯಿನ್ ಒಂದು ಗಳಿಗೆ ಇವನ ಮುಖ ನೋಡಿದಳು. ಆಮೇಲೆ ಏನೂ ಕೇಳದೆ ತಿರುಗಿ ಎರಡೂ ಕೈ ಚಾಚಿ ಮಕ್ಕಳನ್ನು ಹಿಂದಕ್ಕೆ ಅಟ್ಟಿದಳು. ಗುಹೆಯ ಆಚೆ ಬಾಯಿಗೆ ಕಾವಲುಗಾರನನ್ನು ಓಡಿಸಿದಳು. ನಾನು ಎದ್ದು ಮಣ್ಣಾಗಿದ್ದ ಪೈಜಾಮ ಕೊಡವಿಕೊಂಡೆ.

ಗೆನ್‌ಶೆಂಗ್ ಗುರುಗಳ ಕುರ್ಚಿಯ ಮುಂದೆ ತಲೆ ತಗ್ಗಿಸಿ ನಿಂತ. ಮುದುಕರು ಕೋಲೆತ್ತಿ ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ.

"ಯಾವ ಮರ?" ಎಂದರು.

"ದೇವದಾರು, ಗುರುಗಳೇ."

"ನಾನೂ ಹಾಗೇ ಅಂದ್ಕೊಂಡಿದ್ದೆ."

ಗೆನ್‌ಶೆಂಗ್ ತಲೆಯೆತ್ತಿದ.

"ಆ ದಿನ ಬೆಳಿಗ್ಗೆ, ದೊಡ್ಡೋರು ತೋಟಕ್ಕೆ ಬರೋ ಮೊದಲು, ಬಿದಿರು ಕೋಲಿಗೆ ಸುತ್ತಿಗೆ ಕಟ್ಟಿ ತಟ್ಟಿ ನೋಡಿದೆ. ಕಲ್ಲಿಗೆ ಕಲ್ಲು ಆತಿದ್ರೆ ಬೇರೆ ಸದ್ದು. ಇದು ಬಾಯಲ್ಲಿ ಅನ್ನ ಇಟ್ಕೊಂಡು ಮಾತಾಡಿದ ಹಾಗಿತ್ತು." ಮುದುಕರು ಎದೆಯ ಮೇಲಿನ ಕೆಂಪು ಹೂವನ್ನು ಕಿತ್ತು ಮಡಿಲಲ್ಲಿ ಇಟ್ಟುಕೊಂಡರು. "ನೀನೇ ಬಂದು ಹೇಳ್ತೀಯ ಅಂತ ಕಾದೆ. ಹೊಗಳಿಕೆ ಎಲ್ಲಾ ಆದ್ಮೇಲೆ ಹೇಳೋದು ನನಗೂ ಕಷ್ಟ ಆಯ್ತು. ಆಮೇಲೆ ಅದೇ ರೂಢಿ ಆಯ್ತು."

ಆಗ ನನಗೆ ಆ ನೀರಂಚಿನ ದಾರಿ ನೆನಪಾಯಿತು. ಮೂವತ್ತೇಳು ವಸಂತ. ಗುಹೆಯಲ್ಲಿ ನೆಲ ಒದ್ದೆ, ಜಾರುತ್ತೆ. ಅವರು ಒಮ್ಮೆಯೂ ಆ ಕಲ್ಲಿನ ಕೆಳಗೆ ಹೋಗಿರಲಿಲ್ಲ. ನನ್ನ ಮಗಳು ಮೂರು ವರ್ಷದವಳಿದ್ದಾಗ ಅದೇ ಗುಹೆಯಲ್ಲಿ ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತಿದ್ದಳು, ಇವರಿಬ್ಬರೂ ಆಚೆ ಮಂಟಪದಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ಗುರುಗಳು, ಹಿರಿಯರು ಎಂಬುದನ್ನೆಲ್ಲ ಮರೆತೆ.

"ನಿಮಗೆ ಗೊತ್ತಿತ್ತು" ಎಂದೆ. "ನೀವು ಸುತ್ತಿ ಬರ್ತಿದ್ರಿ. ನಮ್ಮನ್ನ ಒಳಗೆ ಬಿಡ್ತಿದ್ರಿ."

ಬೂ ಮೇಸ್ತ್ರಿಗಳು ನನ್ನನ್ನು ನೋಡಿ ಒಮ್ಮೆ ತಲೆಯಾಡಿಸಿದರು. ಯಿನ್ ಕಡೆಗೆ ತಿರುಗಿ, "ಫಲಕ ತೆಗೆಸಮ್ಮ" ಎಂದಷ್ಟೇ ಹೇಳಿದರು. ಮಧ್ಯಾಹ್ನ ನಾಲ್ಕು ಜನ ಅದನ್ನು ಕೆಂಪು ಬಟ್ಟೆಯ ಸಮೇತ ಹೊತ್ತುಕೊಂಡು ಹೋದರು.

ಹಬ್ಬದ ಎಂಟು ದಿನವೂ ಗುಡ್ಡದ ಸುತ್ತ ಹಗ್ಗ ಕಟ್ಟಿತ್ತು. ಊರೂರಿನಿಂದ ಬಂದವರು ಹಗ್ಗದ ಆಚೆ ನಿಂತು ಗೊಣಗಿದರು. ನೆತ್ತಿಗೆ ಕಬ್ಬಿಣದ ಆಧಾರ ಕೊಟ್ಟು ಗಾರೆ ಒಡೆದಾಗ ನಾನೂ ಅಲ್ಲಿದ್ದೆ. ಒಳಗಿನಿಂದ ಬಂದದ್ದು ಬೆಣೆಯಲ್ಲ, ಕುದಿಸಿ ಚೆಲ್ಲಿದ ಚಹಾದ ಚರಟದಂಥ ಒಂದು ಹಿಡಿ ಕಪ್ಪು ಪುಡಿ. ಯುವ ಮೇಸ್ತ್ರಿಯೊಬ್ಬ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ಮೇಲಿನ ಕಲ್ಲು ನೋಡಿ, ಸರಕ್ಕನೆ ಹೊರಗೆ ಬಂದ. ಎಷ್ಟು ದಿನದಿಂದ ಆ ಕಲ್ಲು ಏನನ್ನು ನಂಬಿ ನಿಂತಿತ್ತೋ ಯಾರಿಗೂ ಹೇಳಲಾಗಲಿಲ್ಲ.

ತಕ್ಕ ಚಕ್ಕೆಯನ್ನು ಹುಡುಕಲು ಗೆನ್‌ಶೆಂಗ್‌ನನ್ನೇ ಕರೆದರು. ಕಲ್ಲಿನ ರಾಶಿಯಲ್ಲಿ ಎರಡು ದಿನ ಹುಡುಕಿದ. ಒಂದನ್ನು ತರುವುದು, ಸಂದಿಗೆ ಹಿಡಿಯುವುದು, ಬಿಸಾಡುವುದು. ಸಂಜೆಯಾಯಿತು ಊಟಕ್ಕೆ ಬನ್ನಿ ಎಂದು ಯಿನ್ ಕರೆದರೆ, "ಇಲ್ಲ, ಸಿಗೋವರೆಗೂ ಬರಲ್ಲ" ಎಂದ. ನಾನು ನೂಡಲ್ಸ್ ಅಲ್ಲಿಗೇ ಒಯ್ದು ಕೊಟ್ಟೆ. ಮೂರನೆಯ ದಿನ ಅಂಗೈಯಗಲದ ಒಂದು ಚಕ್ಕೆ ಸಂದಿಯೊಳಗೆ ಬಿಗಿಯಾಗಿ ಕೂತಿತು. ಮೂರು ಏಟು ಕೊಟ್ಟ. ಬೂ ಮೇಸ್ತ್ರಿಗಳನ್ನು ಕರೆತಂದರು. ಅವರು ಗುಹೆಯ ಬಾಯಿಂದಲೇ ಬಿದಿರು ಕೋಲು ಚಾಚಿ ತಟ್ಟಿದರು. ನಾನು ಕಸೂತಿಯವಳು, ನನಗೂ ಗೊತ್ತಾಯಿತು, ಸದ್ದು ಠಣ್ಣೆಂದಿತು.

ಆಧಾರ ಬಿಚ್ಚಿದ ದಿನ ಯಿನ್ ಹಗ್ಗ ತೆಗೆಯಲು ಹೋದಳು. ನಾನು ತಡೆದೆ.

"ಮೊದಲು ಇವರಿಬ್ಬರೂ ಹೋಗ್ಲಿ. ಆಮೇಲೆ ಊರಿನ ಮಕ್ಕಳು."

ಗಾಲಿಕುರ್ಚಿ ಗುಹೆಯಲ್ಲಿ ಹಿಡಿಸುವುದಿಲ್ಲ. ಯಾರೋ ಅದನ್ನೇ ಹೇಳಲು ಬಾಯಿ ತೆರೆದರು, ಬೂ ಮೇಸ್ತ್ರಿಗಳು ಕೈ ಎತ್ತಿ ಸುಮ್ಮನಾಗಿಸಿದರು. ಗೆನ್‌ಶೆಂಗ್‌ನ ಭುಜ ಹಿಡಿದು ಎದ್ದು ನಿಂತರು. ಇಬ್ಬರೂ ಬಗ್ಗಿ ಒಳಗೆ ಹೋದರು. ನೆತ್ತಿಯ ಕಲ್ಲಿನ ನೇರ ಕೆಳಗೆ ಮುದುಕರು ನಿಂತರು, ತಲೆಯೆತ್ತಿ ನೋಡಿದರು, ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ನಾನು ಹೊರಗೆ ಮುಷ್ಟಿ ಬಿಗಿಹಿಡಿದು ಅವರ ಹೆಜ್ಜೆಗಳನ್ನು ಎಣಿಸುತ್ತಿದ್ದೆ. ಹದಿನೇಳು ಹೆಜ್ಜೆಗೆ ಆಚೆ ಬೆಳಕಿನಲ್ಲಿ ಇಬ್ಬರೂ ಕಾಣಿಸಿಕೊಂಡರು.

"ಬಾ ಮುದುಕಿ" ಎಂದು ಗೆನ್‌ಶೆಂಗ್ ಆಚೆಯಿಂದ ಕೂಗಿದ.

ನಾನು ನಿಂತಲ್ಲೇ ನಿಂತೆ. ಅವರಿಬ್ಬರನ್ನು ಸಿಟ್ಟಿನಲ್ಲಿ ಒಳಗೆ ಕಳಿಸಿದ್ದೆ, ನನ್ನ ಸರದಿ ಬರುತ್ತದೆ ಎಂದು ಎಣಿಸಿರಲಿಲ್ಲ. ಆದರೆ ಆ ದಿನ ಸೇತುವೆಯ ಮೇಲೆ ನಿಂತು ಗಂಟೆ ನೋಡುತ್ತಿದ್ದವಳು ನಾನೇ. ಆರು ದಾಟಿ ಒಂದು ನಿಮಿಷವಾಗಿದ್ದರೂ ಹೋಗಿಬಿಡುತ್ತಿದ್ದೆ; ಅವನು ಬೆಣೆ ಬಿಟ್ಟು ಓಡಿಬಂದದ್ದು ಅದಕ್ಕೇ. ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡು, ತಲೆ ತಗ್ಗಿಸಿ, ನಾನೂ ಒಳಗೆ ಕಾಲಿಟ್ಟೆ.